ಹಳೇ ಫುಟ್‌ಬಾಲ್ ಜೆರ್ಸಿ: ಜರ್ಮನಿ 90, ಹಾಲೆಂಡ್ 88, ಇಲ್ಲಾ ಎಂದಿನ ಬ್ರೆಜಿಲ್?

ವಿಶ್ವಕಪ್ಪಿನ ಗಾಳಿ ಬೀಸತೊಡಗಿದರೆ ಸಾಕು, ಒಂದೇ ಪ್ರಶ್ನೆ ನಾನಾ ರೂಪದಲ್ಲಿ ಬರುತ್ತದೆ. ‘ಜರ್ಮನಿ ತೊಂಬತ್ತರದ್ದು ತಗೊಳ್ಳಲಾ, ಹಾಲೆಂಡ್ ಎಂಬತ್ತೆಂಟರದ್ದಾ?’ ‘ಬ್ರೆಜಿಲ್ ಜೆರ್ಸಿ ಅಂದರೆ ಹಳೇದೇ ಬೇಕಾ, ಈಗಿನದ್ದು ನಡೆಯುತ್ತಾ?’ ‘ಅಣ್ಣನಿಗೆ ಮರಡೋನಾ ಅಂದ್ರೆ ಪ್ರಾಣ, ಯಾವ ಅರ್ಜೆಂಟೀನ ಕೊಡಲಿ?’ ಕೇಳುವವರಲ್ಲಿ ಬಹುಪಾಲು ಮಂದಿ ಆ ಪಂದ್ಯಗಳು ನಡೆದಾಗ ಹುಟ್ಟಿಯೇ ಇರಲಿಲ್ಲ. ಆಟ ನೋಡದವರಿಗೂ ಅಂಗಿ ಬೇಕೆನಿಸುತ್ತದೆ ಅಂದಮೇಲೆ ಸೆಳೆತ ಇರುವುದು ನೆನಪಿನಲ್ಲಲ್ಲ, ವಿನ್ಯಾಸದಲ್ಲೇ. ಹಾಗಾಗಿ ವಿನ್ಯಾಸದಿಂದಲೇ ಶುರು ಮಾಡೋಣ.

ರಾಷ್ಟ್ರೀಯ ತಂಡಗಳ ಹೆಸರಾಂತ ಜೆರ್ಸಿಗಳಲ್ಲಿ ಎರಡು ಜಾತಿ. ಇಸವಿ ಹೇಳಲೇಬೇಕಾದವು ಒಂದು, ಇಸವಿಯ ಹಂಗಿಲ್ಲದವು ಇನ್ನೊಂದು. ಬ್ರೆಜಿಲ್, ಅರ್ಜೆಂಟೀನ, ಪೆರು, ಕ್ರೊಯೇಷಿಯಾ ಎರಡನೆಯ ಜಾತಿಗೆ ಸೇರಿದವು. ಬಟ್ಟೆ ಬದಲಾಗುತ್ತದೆ, ಕಾಲರ್ ಬದಲಾಗುತ್ತದೆ, ಹೊಲಿಯುವ ಕಂಪನಿ ಬದಲಾಗುತ್ತದೆ, ಆದರೆ ನೂರು ಮೀಟರ್ ದೂರದಿಂದ ನೋಡಿದರೂ ಯಾವ ದೇಶ ಎಂದು ಗೊತ್ತಾಗುತ್ತದೆ. ಪಶ್ಚಿಮ ಜರ್ಮನಿ 1990, ಹಾಲೆಂಡ್ 1988, ಡೆನ್ಮಾರ್ಕ್ 1986 ಹಾಗಲ್ಲ. ಅವು ಒಂದೆರಡು ವರ್ಷ ಮೈದಾನಕ್ಕಿಳಿದು ಹೋದವು. ನಂತರ ಬಂದದ್ದೆಲ್ಲ ಅವುಗಳ ನಕಲು ಅಥವಾ ಅವುಗಳಿಗೆ ಹೊಡೆದ ಸಲಾಮು.

ಈ ವ್ಯತ್ಯಾಸ ನೇರ ಜೇಬಿಗೆ ತಟ್ಟುವಂಥದು. ಇಸವಿಯ ಹಂಗಿಲ್ಲದ ಜೆರ್ಸಿ ಇಷ್ಟವಾದರೆ ‘ರೆಟ್ರೊ’ (ಹಳೇ ಕಾಲದ್ದು) ಎಂಬ ಪದಕ್ಕೆ ದುಡ್ಡು ಕೊಡಬೇಕಿಲ್ಲ. ಅಂಗಡಿಯಲ್ಲಿ ತೂಗುಹಾಕಿರುವ ಈ ಸಾಲಿನದ್ದೇ ಸಾಕು, ಸೀಸನ್ ಮುಗಿದ ಮೇಲೆ ರಿಯಾಯಿತಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಇಸವಿಯದ್ದೇ ಬೇಕೆಂದರೆ ಮಾತ್ರ ಆ ಕಾಲದ ಅಸಲಿಯೋ, ಹಳೇ ವಿನ್ಯಾಸವನ್ನು ಈಗ ಮತ್ತೆ ಹೊಲಿದ ಮರುತಯಾರಿಯೋ ಎಂಬ ತಲೆಬಿಸಿ ಶುರು.

ಇದರ ಜೊತೆಗೆ ಇನ್ನು ಮೂರು ವಿಷಯ ತೂಗಿ ನೋಡಿ. ಎಲ್ಲಿ ಹಾಕುತ್ತೀರಿ: ಟರ್ಫಿನಲ್ಲಿ ಆಡಲಿಕ್ಕೋ, ಜೀನ್ಸ್ ಮೇಲೆ ತಿರುಗಾಡಲಿಕ್ಕೋ, ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಲಿಕ್ಕೋ? ಬಟ್ಟೆ ಯಾವುದು: 1960–70ರ ದಶಕದ ವಿನ್ಯಾಸಗಳು ಹತ್ತಿಯವು, ಮೈಗೆ ಹಿತ, ಬೆವರು ಹೀರಿ ಭಾರವಾಗುತ್ತವೆ, 80ರ ದಶಕದವು ಹೊಳಪಿನ ಪಾಲಿಯೆಸ್ಟರ್, ಹಗುರ ನಿಜ, ಆದರೆ ಈಗಿನ ಆಟದ ಬಟ್ಟೆಯಷ್ಟು ಗಾಳಿಯಾಡುವುದಿಲ್ಲ. ಕೊನೆಯದು, ಫುಟ್‌ಬಾಲಿನ ಗಂಧವಿಲ್ಲದವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ, ಕೊಂಡ ಮೇಲೆ ಕಪಾಟಿನಲ್ಲೇ ಇಡುತ್ತಾರೆ.

ಪಶ್ಚಿಮ ಜರ್ಮನಿ, 1988–90

ಬಿಳಿ ಅಂಗಿ, ಎದೆಗೆ ಅಡ್ಡಲಾಗಿ ಕಪ್ಪು, ಕೆಂಪು, ಚಿನ್ನದ ಬಣ್ಣದ ಪಟ್ಟಿಗಳು ಅಂಕುಡೊಂಕಾಗಿ ಓಡುತ್ತವೆ. ಅಡಿಡಾಸ್‌ನ ಇನಾ ಫ್ರಾನ್ಸ್‌ಮನ್ ಎಂಬ ವಿನ್ಯಾಸಕಿಯ ಕೆಲಸ ಇದು. ಇವತ್ತು ನೋಡಿದರೆ ಇದಕ್ಕಿಂತ ಸಹಜವಾದ ಜರ್ಮನ್ ಜೆರ್ಸಿ ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೆ ಅದಕ್ಕೆ ಮೊದಲು ಜರ್ಮನ್ನರ ಅಂಗಿ ಹೆಚ್ಚುಕಡಿಮೆ ಬಿಳಿ-ಕಪ್ಪೇ, ಹಳೆಯ ಜರ್ಮನ್ ರಾಜ್ಯ ಪ್ರಷ್ಯಾದ ಕಾಲದಿಂದ ಬಂದ ಬಣ್ಣಗಳು. ಎರಡನೇ ಮಹಾಯುದ್ಧದ ನಂತರ ಬಾವುಟದ ಬಣ್ಣವನ್ನು ಎದೆಯುಬ್ಬಿಸಿ ತೋರಿಸುವುದು ಆ ದೇಶಕ್ಕೆ ಮುಜುಗರದ ಸಂಗತಿಯಾಗಿತ್ತು. ಅದನ್ನು ಅಂಗಿಯ ನಟ್ಟನಡುವೆ ತಂದಿಟ್ಟದ್ದೇ ಈ ವಿನ್ಯಾಸದ ಧೈರ್ಯ.

ಆಮೇಲೆ ಇತಿಹಾಸವೇ ಅದರ ಕೈಹಿಡಿಯಿತು. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರ ಜುಲೈ 8ರಂದು ರೋಮ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಆಂಡ್ರಿಯಾಸ್ ಬ್ರೆಹ್ಮೆಯ ಪೆನಾಲ್ಟಿಯಿಂದ ಅರ್ಜೆಂಟೀನ ವಿರುದ್ಧ 1–0 ಗೆಲುವು. ಲೋಥರ್ ಮಥೇವುಸ್ ಕಪ್ ಎತ್ತಿದ್ದು ಇದೇ ಅಂಗಿಯಲ್ಲಿ. ಅಕ್ಟೋಬರ್ 3ಕ್ಕೆ ಎರಡೂ ಜರ್ಮನಿ ಒಂದಾದವು. ‘ಪಶ್ಚಿಮ ಜರ್ಮನಿ’ ಎಂಬ ಹೆಸರಿನಲ್ಲಿ ಆಡಿದ ಕೊನೆಯ ವಿಶ್ವಕಪ್ಪಿನ ಅಂಗಿ ಇದೇ.

ಕೊಳ್ಳುವವರ ಲೆಕ್ಕದಲ್ಲಿ ಇದರ ದೊಡ್ಡ ಗುಣ ಎಂದರೆ ಎಲ್ಲಿಗಾದರೂ ಹೊಂದುತ್ತದೆ. ಬಣ್ಣ ಎದೆಯ ಭಾಗಕ್ಕಷ್ಟೇ ಸೀಮಿತ, ಮಿಕ್ಕಿದ್ದೆಲ್ಲ ಬಿಳಿ. ಫುಟ್‌ಬಾಲ್ ಗೊತ್ತಿಲ್ಲದವರಿಗೂ ಚೆನ್ನಾದ ಟೀ-ಶರ್ಟ್ ಆಗಿಯೇ ಕಾಣುತ್ತದೆ. ಆ ಬಿಳಿಯೇ ಇದರ ತೊಂದರೆ ಕೂಡ: ಒಂದು ಮದುವೆಮನೆ ಊಟ, ಒಂದು ತೊಟ್ಟು ಸಾಂಬಾರು, ಕಥೆ ಮುಗಿಯಿತು. ಹಳೇ ಅಸಲಿಗಳಲ್ಲಿ ಬಿಳಿ ಹಳದಿಗೆ ತಿರುಗಿರುವುದೂ ಸಾಮಾನ್ಯ. ಬಿಳಿ ಬೇಡವೆನ್ನುವವರಿಗೆ ಅದೇ ತಂಡದ ಹಸಿರು ಜೆರ್ಸಿ ಇದೆ. ಟ್ಯೂರಿನ್‌ನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನು ಪೆನಾಲ್ಟಿ ಶೂಟೌಟಿನಲ್ಲಿ ಹೊರಹಾಕಿದ್ದು ಅದನ್ನು ತೊಟ್ಟು. ನನ್ನ ಕೇಳಿದರೆ ಬಿಳಿಗಿಂತ ಹಸಿರೇ ಬಾಳಿಕೆಗೆ ಮೇಲು, ಆದರೆ ‘ಜರ್ಮನಿ 90’ ಎಂದಾಗ ಜನರ ಕಣ್ಣೆದುರು ಬರುವುದು ಬಿಳಿಯೇ.

ಇನ್ನೊಂದು ಮಾತು. ಜರ್ಮನ್ ಫುಟ್‌ಬಾಲ್ ಸಂಘ 2027ರಿಂದ ಅಡಿಡಾಸ್ ಬಿಟ್ಟು ನೈಕಿಗೆ ಹೋಗುವುದಾಗಿ 2024ರಲ್ಲಿ ಪ್ರಕಟಿಸಿತು. ತಂಡ ಒಂದು ಕಡೆ, ಹಳೇ ಜೆರ್ಸಿ ಮಾಡಿದ ಕಂಪನಿ ಇನ್ನೊಂದು ಕಡೆ ಆದಾಗ ಮರುತಯಾರಿಯ ಜೆರ್ಸಿಗಳಲ್ಲಿ ಸಂಘದ ಲಾಂಛನವೋ ಕಂಪನಿಯ ಗುರುತೋ ಎರಡರಲ್ಲೊಂದು ಕಾಣೆಯಾಗುವುದುಂಟು. ಎರಡೂ ಇರುವ ಅಧಿಕೃತ ಜರ್ಮನಿ 90 ನಿಮ್ಮ ಅಳತೆಯಲ್ಲಿ ಕಣ್ಣಿಗೆ ಬಿದ್ದರೆ ಮುಂದೂಡಬೇಡಿ.

ಹಾಲೆಂಡ್, 1988

ಇದೂ ಅಡಿಡಾಸ್‌ನದ್ದೇ, ಅದೇ ಕಾಲದ್ದೇ, ಆದರೆ ಗುಣ ತದ್ವಿರುದ್ಧ. ತಿಳಿ ಕಿತ್ತಳೆಯಿಂದ ಕಡು ಕಿತ್ತಳೆಯವರೆಗೆ ಕೋನಾಕೃತಿಗಳ ಗಿಜಿಗಿಜಿ. ಕಣ್ಣಿಗೆ ಒಂದು ಕ್ಷಣವೂ ಬಿಡುವು ಕೊಡುವುದಿಲ್ಲ. ಡಚ್ಚರು ಕಿತ್ತಳೆ ತೊಡುವುದು ಆರೆಂಜ್-ನಸ್ಸಾವ್ ರಾಜಮನೆತನದ ಹೆಸರಿನಿಂದ. ಹಿಂದೆಯೂ ಮುಂದೆಯೂ ಅವರ ಜೆರ್ಸಿ ಕಿತ್ತಳೆಯೇ. ಈ ಆಕೃತಿಗಳು ಮಾತ್ರ ಆ ಒಂದು ಬೇಸಿಗೆಗೆ ಅಂಟಿಕೊಂಡಿವೆ. ಹಾಲೆಂಡ್ ಪುರುಷರ ತಂಡ ಇದುವರೆಗೆ ಗೆದ್ದ ಒಂದೇ ಒಂದು ದೊಡ್ಡ ಪ್ರಶಸ್ತಿ 1988ರ ಯುರೋ, ಅಂದರೆ ಯುರೋಪಿನ ದೇಶಗಳ ಕಪ್. ಜೂನ್ 25ರಂದು ಮ್ಯೂನಿಕ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ 2–0: ಮೊದಲು ರೂಡ್ ಗುಲ್ಲಿಟ್ ಹೆಡರ್, ಆಮೇಲೆ ಗೋಲಿಗೆ ಕೋನವೇ ಇಲ್ಲದ ಜಾಗದಿಂದ ಚೆಂಡು ನೆಲ ಮುಟ್ಟುವ ಮೊದಲೇ ಮಾರ್ಕೊ ವಾನ್ ಬಾಸ್ಟೆನ್ ಹೊಡೆದ ಗೋಲು. ಆ ಗೋಲು ಇಲ್ಲದಿದ್ದರೆ ಈ ಅಂಗಿಯನ್ನು ಇಷ್ಟೊಂದು ಜನ ಕೇಳುತ್ತಿದ್ದರೇ ಎಂಬುದು ನನ್ನ ಅನುಮಾನ. ಜರ್ಮನಿಯ ಜೆರ್ಸಿ ಕಪ್ ಇಲ್ಲದೆಯೂ ಚೆಂದ. ಇದನ್ನು ಚೆಂದ ಮಾಡಿದ್ದು ವಾನ್ ಬಾಸ್ಟೆನ್.

ಎರಡೂ ಜೆರ್ಸಿಗಳು ಒಂದೇ ಮೈದಾನದಲ್ಲಿ ಎದುರಾಗಿದ್ದೂ ಇದೆ. ಅದೇ ಯುರೋದ ಸೆಮಿಫೈನಲ್, ಹ್ಯಾಂಬರ್ಗ್, ಡಚ್ಚರಿಗೆ 2–1 ಗೆಲುವು. ಪಂದ್ಯ ಮುಗಿದ ಮೇಲೆ ರೊನಾಲ್ಡ್ ಕೂಮನ್, ಅದಲುಬದಲು ಮಾಡಿಕೊಂಡ ಒಲಾಫ್ ಥಾನ್ ಜೆರ್ಸಿಯಿಂದ ತಮ್ಮ ಹಿಂಬದಿ ಒರೆಸಿಕೊಳ್ಳುವಂತೆ ಅಭಿನಯಿಸಿ ದೊಡ್ಡ ರಾದ್ಧಾಂತವಾಯಿತು. ಹಾಗೆ ಅವಮಾನಕ್ಕೊಳಗಾದ ವಿನ್ಯಾಸವೇ ಎರಡು ವರ್ಷದ ಮೇಲೆ ವಿಶ್ವಕಪ್ ಎತ್ತಿತು.

ಯಾರಿಗೆ ಇದು? ಫುಟ್‌ಬಾಲ್ ಗೆಳೆಯರ ನಡುವೆ ಓಡಾಡುವವರಿಗೆ. ಗುರುತಿಸುವವರು ಅರ್ಧ ದಾರಿಯಲ್ಲೇ ನಿಲ್ಲಿಸಿ ಮಾತಾಡಿಸುತ್ತಾರೆ. ಗುರುತಿಸದವರ ಕಣ್ಣಿಗೆ ಹಳೇ ಸೋಫಾದ ಬಟ್ಟೆ. ಅದೂ ಅಲ್ಲದೆ ನಮ್ಮ ಊರುಗಳಲ್ಲಿ ಕಿತ್ತಳೆ ಅಂಗಿ ತೊಟ್ಟು ಬೀದಿಗಿಳಿದರೆ ನೋಡಿದವರಿಗೆ ಮೊದಲು ಹೊಳೆಯುವುದು ಫುಟ್‌ಬಾಲ್ ಆಗಿರಲಿಕ್ಕಿಲ್ಲ. ಚುನಾವಣೆಯ ಕಾಲವಾದರೆ ಕೇಳಲೇಬೇಡಿ.

ಡಚ್ಚರ ಜೆರ್ಸಿಯಲ್ಲಿ ಸರಳವಾದದ್ದೇ ಬೇಕೆನ್ನುವವರು 1974ರದ್ದನ್ನು ನೋಡಬಹುದು: ಬರೀ ಕಿತ್ತಳೆ, ತೋಳಿನ ಮೇಲೆ ಕಪ್ಪು ಪಟ್ಟಿ. ತಂಡದವರಿಗೆಲ್ಲ ಅಡಿಡಾಸ್‌ನ ಮೂರು ಪಟ್ಟಿ, ಯೊಹಾನ್ ಕ್ರೈಫ್‌ಗೆ ಮಾತ್ರ ಎರಡು. ಅವರಿಗೆ ಎದುರಾಳಿ ಕಂಪನಿ ಪ್ಯೂಮಾ ಜೊತೆ ಒಪ್ಪಂದವಿತ್ತು. 14ನೇ ನಂಬರಿನ, ಎರಡೇ ಪಟ್ಟಿಯ ಜೆರ್ಸಿ ಕಂಡರೆ ‘ಡೂಪ್ಲಿಕೇಟ್’ ಎಂದು ಬದಿಗಿಡಬೇಡಿ, ಮಾಡಿದವರಿಗೆ ವಿಷಯ ಗೊತ್ತಿದೆ ಎಂದರ್ಥ.

ಡೆನ್ಮಾರ್ಕ್ 1986 ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಹಮ್ಮೆಲ್ ಕಂಪನಿಯ ಅಂಗಿ, ಎರಡು ಹೋಳು ಮಾಡಿ ಜೋಡಿಸಿದಂತೆ, ಸಣ್ಣ ಗೆರೆಗಳು. ಮೆಕ್ಸಿಕೊದ ವಿಶ್ವಕಪ್ಪಿನಲ್ಲಿ ಉರುಗ್ವೆಯನ್ನು 6–1ರಿಂದ ಬಡಿದು, ಕೆಲವೇ ದಿನಗಳಲ್ಲಿ ಸ್ಪೇನ್ ಕೈಯಲ್ಲಿ 5–1ರಿಂದ ಬಡಿಸಿಕೊಂಡ ತಂಡದ ಜೆರ್ಸಿ. ಕಪ್ ಇಲ್ಲ, ಕಥೆ ಇದೆ. ಎಲ್ಲರ ಹತ್ತಿರ ಇರುವುದು ಬೇಡ, ಆದರೆ ಕಣ್ಣು ಕುಕ್ಕುವುದೂ ಬೇಡ ಎನ್ನುವವರಿಗೆ ಈ ಮೂರರಲ್ಲಿ ನಾನು ಸೂಚಿಸುವುದು ಇದನ್ನೇ.

ಇಸವಿಯ ಹಂಗಿಲ್ಲದವು

ಬ್ರೆಜಿಲ್‌ನ ಹಳದಿ ಆದಿಕಾಲದಿಂದ ಬಂದದ್ದೆಂದು ನಾವೆಲ್ಲ ತಿಳಿದಿದ್ದೇವೆ. ಅಲ್ಲ. 1950ರಲ್ಲೂ ಅವರದು ಬಿಳಿ ಅಂಗಿ, ನೀಲಿ ಕಾಲರ್. ಆ ವರ್ಷ ತಮ್ಮದೇ ಮರಕಾನಾ ಮೈದಾನದಲ್ಲಿ ಉರುಗ್ವೆಗೆ 1–2ರಿಂದ ಸೋತು ವಿಶ್ವಕಪ್ ಕಳೆದುಕೊಂಡಾಗ ಅಂಗಿಯೂ ಅಪಶಕುನವಾಯಿತು. ‘ಕೊರೆಯೊ ದ ಮನ್ಯಾ’ ಪತ್ರಿಕೆ 1953ರಲ್ಲಿ ಸ್ಪರ್ಧೆ ಏರ್ಪಡಿಸಿತು. ನಿಯಮ ಒಂದೇ: ಬಾವುಟದ ನಾಲ್ಕೂ ಬಣ್ಣ ಉಡುಪಿನಲ್ಲಿರಬೇಕು. ನಾಲ್ಕು ಬಣ್ಣವನ್ನು ಒಂದೇ ಅಂಗಿಗೆ ತುರುಕಿದರೆ ಜಾತ್ರೆಯಾಗುತ್ತದೆ. ಉರುಗ್ವೆ ಗಡಿಯ ಕಡೆಯ ಹುಡುಗ ಅಲ್ದೀರ್ ಗಾರ್ಸಿಯಾ ಶ್ಲೀ ಅದನ್ನು ಹಂಚಿದ: ಅಂಗಿ ಹಳದಿ, ಅಂಚು ಹಸಿರು, ಚಡ್ಡಿ ನೀಲಿ, ಕಾಲುಚೀಲ ಬಿಳಿ. 1954ರಿಂದ ಅದೇ ನಡೆದುಕೊಂಡು ಬಂದಿದೆ. ತಮಾಷೆಯೆಂದರೆ ಶ್ಲೀ ಮನಸ್ಸು ಕೊಟ್ಟದ್ದು ಉರುಗ್ವೆ ತಂಡಕ್ಕೆ. ಇನ್ನೂ ತಮಾಷೆಯೆಂದರೆ ಬ್ರೆಜಿಲ್ ತನ್ನ ಮೊದಲ ವಿಶ್ವಕಪ್ಪನ್ನು, 1958ರಲ್ಲಿ, ಗೆದ್ದದ್ದು ನೀಲಿ ಅಂಗಿಯಲ್ಲಿ. ಫೈನಲ್‌ನಲ್ಲಿ ಎದುರಾಳಿ ಸ್ವೀಡನ್ನಿನದೂ ಹಳದಿಯೇ ಆಗಿತ್ತು.

ಹಳದಿಗೆ ಮೆರುಗು ಬಂದದ್ದು 1970ರ ವಿಶ್ವಕಪ್ಪಿನಲ್ಲಿ. ಮೆಕ್ಸಿಕೊದ ಬಿಸಿಲು, ಆಗಷ್ಟೇ ಹಬ್ಬುತ್ತಿದ್ದ ಕಲರ್ ಟಿವಿ, ಇಟಲಿ ವಿರುದ್ಧ 4–1ರ ಫೈನಲ್, ಪೆಲೆ. ಹಸಿರು ಗುಂಡು ಕುತ್ತಿಗೆಯ ಆ ಹತ್ತಿಯ ಅಂಗಿ ಇವತ್ತಿಗೂ ಬೇಸಿಗೆಯಲ್ಲಿ ತೊಡಲು ಈ ಪಟ್ಟಿಯಲ್ಲೇ ಅತಿ ಹಿತವಾದದ್ದು. ‘ಹಳೇದೇ ಬೇಕಾ’ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಹತ್ತಿ ಬೇಕಿದ್ದರೆ 1970ರ ಮರುತಯಾರಿ ಕೊಳ್ಳಿ, ಹಳದಿಯಷ್ಟೇ ಸಾಕೆಂದರೆ ಈಗಿನದ್ದು ಕೊಳ್ಳಿ.

ಬೆಂಗಳೂರಿಗೂ ಈ ಹಳದಿಗೂ ನಂಟಿದೆ. ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಆ ಬಡಾವಣೆಯನ್ನು ‘ಮಿನಿ ಬ್ರೆಜಿಲ್’ ಎಂದೇ ಕರೆಯುತ್ತಾರೆ. ಅಲ್ಲಿ ತೊಟ್ಟರೆ ತಕರಾರಿಲ್ಲ. ಐಪಿಎಲ್ ಸಮಯದಲ್ಲಿ ಚಿನ್ನಸ್ವಾಮಿ ಸುತ್ತಮುತ್ತ ತೊಟ್ಟರೆ ಮಾತ್ರ ‘ಏನ್ ಗುರು, ಸಿಎಸ್‌ಕೆನಾ?’ ಎಂಬ ಪ್ರಶ್ನೆಗೆ ಸಿದ್ಧರಾಗಿರಿ. ಬ್ರೆಜಿಲ್‌ನಲ್ಲೇ ಈ ಅಂಗಿಗೆ ಬೇರೆ ಥರದ ಪೇಚಾಟ: ಮಾಜಿ ಅಧ್ಯಕ್ಷ ಬೋಲ್ಸೊನಾರೊ ಬೆಂಬಲಿಗರು ಮೆರವಣಿಗೆಗೆಲ್ಲ ಅದನ್ನೇ ತೊಟ್ಟು ಬಂದು, ಅವರನ್ನು ಒಪ್ಪದ ಎಷ್ಟೋ ಮಂದಿ ತಮ್ಮದೇ ತಂಡದ ಜೆರ್ಸಿ ಹಾಕಲು ಹಿಂಜರಿಯುವಂತಾಯಿತು.

ಅರ್ಜೆಂಟೀನದ ಬಿಳಿ-ತಿಳಿನೀಲಿ ಉದ್ದಪಟ್ಟಿ ನೂರು ವರ್ಷ ದಾಟಿದ್ದು. ಮೆಸ್ಸಿ ಅಭಿಮಾನಿಗೆ 2022, ಮರಡೋನಾ ಅಭಿಮಾನಿಗೆ 1986, ಇದರಲ್ಲಿ ಗೊಂದಲವೇನಿಲ್ಲ. ಗೊಂದಲ ಇರುವುದು 1986ರ ಒಳಗೆ. ಪಶ್ಚಿಮ ಜರ್ಮನಿಯನ್ನು 3–2ರಿಂದ ಸೋಲಿಸಿದ ಫೈನಲ್‌ನಲ್ಲಿ ತೊಟ್ಟದ್ದು ಪಟ್ಟಿಯ ಅಂಗಿ. ಇಂಗ್ಲೆಂಡ್ ವಿರುದ್ಧ ಮರಡೋನಾ ಆ ಎರಡು ಗೋಲು, ಒಂದು ಕೈಯಿಂದ, ಒಂದು ಅರ್ಧ ತಂಡವನ್ನು ದಾಟಿ, ಹೊಡೆದಾಗ ತೊಟ್ಟದ್ದು ಕಡುನೀಲಿ. ಅದಕ್ಕೆ ಮುಂಚಿನ ಪಂದ್ಯದಲ್ಲಿ ತೊಟ್ಟ ನೀಲಿ ಅಂಗಿ ಬಿಸಿಲಿಗೆ ತೀರಾ ಭಾರವೆಂದು ಕೋಚ್ ಬಿಲಾರ್ದೊ ಹಗುರವಾದದ್ದು ಬೇಕೆಂದರು. ಸಹಾಯಕರು ಮೆಕ್ಸಿಕೊ ಸಿಟಿಯ ಅಂಗಡಿಗಳನ್ನು ಸುತ್ತಿ ತಂದರು. ಲಾಂಛನವನ್ನು ಅವಸರದಲ್ಲಿ ಹೊಲಿದರು, ಅಮೆರಿಕನ್ ಫುಟ್‌ಬಾಲಿಗೆ ಬಳಸುವಂಥ ಬೆಳ್ಳಿಬಣ್ಣದ ನಂಬರನ್ನು ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸಿದರು. ಅಂಗಡಿಯಿಂದ ತಂದ ಆ ಅಂಗಿ, ಮರಡೋನಾ ತೊಟ್ಟಿದ್ದು, 2022ರ ಮೇ ತಿಂಗಳಲ್ಲಿ ಸದಬೀಸ್ ಹರಾಜಿನಲ್ಲಿ 71 ಲಕ್ಷ ಪೌಂಡಿಗೂ ಮಿಕ್ಕಿ ಹೋಯಿತು. ಅಣ್ಣನಿಗೆ ಉಡುಗೊರೆ ಹುಡುಕುತ್ತಿರುವವರಿಗೆ: ಅಣ್ಣ ಎಲ್ಲರಿಗೂ ತೋರಿಸಿಕೊಳ್ಳುವವನಾದರೆ ಪಟ್ಟಿಯದ್ದು, ಕಥೆ ಹೇಳುವವನಾದರೆ ನೀಲಿಯದ್ದು.

ಪೆರು ಜೆರ್ಸಿಯನ್ನು ನಮ್ಮಲ್ಲಿ ಕೇಳುವವರೇ ಕಡಿಮೆ, ನನಗೆ ಅದೇ ಬೇಸರ. ಬಿಳಿ ಅಂಗಿಯ ಮೇಲೆ ಭುಜದಿಂದ ಸೊಂಟಕ್ಕೆ ಓರೆಯಾಗಿ ಇಳಿಯುವ ಒಂದೇ ಕೆಂಪು ಪಟ್ಟಿ, ಡಿಸಿ ಆಫೀಸಿನ ದಫೇದಾರರ ಎದೆಪಟ್ಟಿಯ ಹಾಗೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಿಂದ ಬಂದದ್ದು. 1970ರಲ್ಲೂ 1978ರಲ್ಲೂ ಪೆರುವಿನ ಆಟಗಾರ ಕುಬಿಯಾಸ್ ಅದನ್ನು ತೊಟ್ಟು ಜಗತ್ತಿಗೆ ಪರಿಚಯಿಸಿದರು. ಯಾವ ಕಂಪನಿ ಮಾಡಿದರೂ ಪಟ್ಟಿ ಅಲ್ಲೇ, ಹಾಗಾಗಿ ಯಾವ ವರ್ಷದ್ದು ಕಡಿಮೆಗೆ ಸಿಗುತ್ತದೋ ಅದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಕ್ರೊಯೇಷಿಯಾದ ಕೆಂಪು-ಬಿಳಿ ಚೌಕಗಳು ಮಿರೊಸ್ಲಾವ್ ಶುತೇಯ್ ಎಂಬ ಕಲಾವಿದರು 1990ರಲ್ಲಿ ರೂಪಿಸಿದ್ದು. 1998ರ ವಿಶ್ವಕಪ್ಪಿನಲ್ಲಿ ಮೂರನೇ ಸ್ಥಾನ ಗೆದ್ದು, ದಾವೊರ್ ಶುಕೇರ್ ಆರು ಗೋಲು ಹೊಡೆದ ಮೇಲೆ ಅದು ಮನೆಮಾತಾಯಿತು. ಮಕ್ಕಳಿಗೆ ಕೊಡುವುದಾದರೆ ಇದೇ ಸರಿ. ಚೌಕ ಕಂಡರೆ ಮಕ್ಕಳಿಗೆ ಖುಷಿ.

ಎಷ್ಟು ಖರ್ಚು, ಯಾವ ರೂಪದಲ್ಲಿ

ಆ ಕಾಲದ ಅಸಲಿ ಜೆರ್ಸಿ ಬೇಕೆಂದರೆ ಲೆಕ್ಕ ಹತ್ತಾರು ಸಾವಿರಗಳಲ್ಲಿ ಶುರುವಾಗುತ್ತದೆ. ವಿದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ ಬೇರೆ. ಅದನ್ನು ತೊಟ್ಟು ಆಡುವಂತಿಲ್ಲ, ಮೂವತ್ತೈದು ವರ್ಷದ ನಂಬರು ಒಂದು ಒಗೆತಕ್ಕೆ ಸಿಪ್ಪೆ ಏಳುತ್ತದೆ. ಗೋಡೆಗೆ ಹಾಕುವ ಮನಸ್ಸಿದ್ದರೆ ಮಾತ್ರ ಈ ದಾರಿ.

ಅಧಿಕೃತ ಮರುತಯಾರಿ ಕೆಲವು ಸಾವಿರಗಳಲ್ಲಿ ಸಿಗುತ್ತದೆ. ತಿರುಗಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಆಡಲಿಕ್ಕಾದರೆ ಬೇಡ, ಕಾಲರ್ ಸೆಖೆ ಅನ್ನಿಸುತ್ತದೆ. ಆಡುವವರು ಈ ಸಾಲಿನ ಬ್ರೆಜಿಲ್ಲೋ ಪೆರುವೋ ಕೊಳ್ಳಲಿ, ಅದೂ ಫ್ಯಾನ್ ವರ್ಷನ್. ಪ್ಲೇಯರ್ ವರ್ಷನ್ ಮೈಗಂಟುವಂತೆ ಹೊಲಿದಿರುತ್ತಾರೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದರೂ ಸುಳ್ಳು ಹೇಳಲು ಬಿಡುವುದಿಲ್ಲ.

ಇನ್ನು ‘ಫಸ್ಟ್ ಕಾಪಿ’, ಅಂದರೆ ನಕಲಿ ಮಾಲು. ಕೆಲವು ನೂರು ರೂಪಾಯಿ, ಎಲ್ಲ ಕಡೆ ಸಿಗುತ್ತದೆ, ಕಾನೂನಿನ ಪ್ರಕಾರ ತಪ್ಪು. ವಿದ್ಯಾರ್ಥಿಗಳ ಕಷ್ಟ ಅರ್ಥವಾಗುತ್ತದೆ. ಆದರೂ ಅಷ್ಟೇ ದುಡ್ಡಿಗೆ ಲಾಂಛನವೇ ಇಲ್ಲದ, ಹಸಿರು ಅಂಚಿನ ಹಳದಿ ಹತ್ತಿ ಟೀ-ಶರ್ಟ್ ಸಿಗುತ್ತದೆ. ಬ್ರೆಜಿಲ್ ಎಂದು ಯಾರಿಗಾದರೂ ಗೊತ್ತಾಗುತ್ತದೆ, ಪ್ರಿಂಟ್ ಬಿರುಕು ಬಿಡುವ ಭಯವೂ ಇಲ್ಲ. ಜರ್ಮನಿ 90 ಅಭಿಮಾನಿಗೆ ಇಂಥ ಅಡ್ಡದಾರಿ ಇಲ್ಲ. ಕಾಸು ಕೂಡಿಡಬೇಕು.

ದುಬಾರಿ ‘ಅಸಲಿ’ ಎಂದು ಯಾರಾದರೂ ಮಾರಲು ಬಂದರೆ ಮೊದಲು ಬೆನ್ನು ನೋಡಿ. ವಿಶ್ವಕಪ್ಪಿನಲ್ಲಿ ಆಟಗಾರರ ಹೆಸರು ಬೆನ್ನ ಮೇಲೆ ಬಂದದ್ದೇ 1994ರಲ್ಲಿ. ಹಾಗಾಗಿ ‘ಮರಡೋನಾ’ ಎಂದು ಅಚ್ಚಾದ 1986ರ ಅಂಗಿ, ‘ಮಥೇವುಸ್’ ಎಂದಿರುವ 1990ರ ಅಂಗಿ ಆ ಕಾಲದ್ದಾಗಿರಲು ಸಾಧ್ಯವಿಲ್ಲ, ಹೆಸರನ್ನಾದರೂ ಆಮೇಲೆ ಸೇರಿಸಿರಬೇಕು. ವಾನ್ ಬಾಸ್ಟೆನ್ 1988ರಲ್ಲಿ ಆಡಿದ್ದು 12ನೇ ನಂಬರಿನಲ್ಲಿ, 9ರಲ್ಲಲ್ಲ. ಬ್ರೆಜಿಲ್ 1970 ಎಂದು ಹೇಳಿ ಲಾಂಛನದ ಮೇಲೆ ಗೆದ್ದ ಕಪ್ಪಿಗೊಂದರಂತೆ ಮೂರು ನಕ್ಷತ್ರ ತೋರಿಸಿದರೆ ನಕ್ಕುಬಿಡಿ, ಮೂರನೇ ಕಪ್ ಗೆದ್ದದ್ದೇ ಆ ಅಂಗಿಯಲ್ಲಿ. ಲಾಂಛನದಲ್ಲಿ ಸಿಬಿಎಫ್ (ಬ್ರೆಜಿಲ್ ಫುಟ್‌ಬಾಲ್ ಸಂಘದ ಈಗಿನ ಹೆಸರು) ಎಂದಿದ್ದರೂ ಅಷ್ಟೇ; ಆಗ ಇದ್ದದ್ದು ಸಿಬಿಡಿ, ಸಿಬಿಎಫ್ ಹುಟ್ಟಿದ್ದು 1979ರಲ್ಲಿ. ಒಳಗಿನ ಲೇಬಲ್, ಲಾಂಛನದ ಹಿಂಬದಿಯ ಹೊಲಿಗೆ, ಎರಡರ ಫೋಟೊ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಅಲ್ಲಿಗೇ ಬಿಡಿ.

ಅಳತೆಯ ವಿಷಯದಲ್ಲಿ ಎಂ, ಎಲ್ ಅಕ್ಷರಗಳನ್ನು ನಂಬಬೇಡಿ. ಹಳೇ ಜೆರ್ಸಿಗಳಲ್ಲಿ ಎದೆಯ ಸುತ್ತಳತೆ ಇಂಚುಗಳಲ್ಲಿರುವುದೇ ಹೆಚ್ಚು, 90ರ ದಶಕದವು ದೊಗಳೆ, ಮರುತಯಾರಿಯವು ಕಂಪನಿಗೊಂದು ಥರ. ನಿಮಗೆ ಸರಿಯಾಗಿ ಕೂರುವ ಟೀ-ಶರ್ಟ್ ಒಂದನ್ನು ಮಂಚದ ಮೇಲೆ ಹರಡಿ, ಒಂದು ಕಂಕುಳಿಂದ ಇನ್ನೊಂದಕ್ಕೆ ಟೇಪು ಹಿಡಿದು, ಆ ಅಳತೆಯನ್ನೇ ಮಾರುವವರಿಗೆ ಕಳಿಸಿ.